ಹೋರಿಯ ಬೀಜ ನೋಡ್ತೀವಿ, ಮಗನದ್ದು?

ಮೊನ್ನೆ ರಾತ್ರಿ 11.30ಕ್ಕೆ ಅಕ್ಕನ ಮಗನಿಂದ ವಾಟ್ಸಾಪ್ ಮೆಸೇಜ್ ಬಂತು. "ಮಾವ, ಎದ್ದಿದ್ದೀರಾ? ಒಂದು ವಿಷಯ ಕೇಳ್ಬೇಕು. ಅಮ್ಮಂಗೆ ಹೇಳ್ಬೇಡಿ."

17 ವರ್ಷದ ಹುಡುಗ ಅಮ್ಮಂಗೆ ಹೇಳ್ಬೇಡಿ ಅಂದ್ರೆ ಹುಡುಗಿ ವಿಷಯ ಇರ್ಬೇಕು, ಇಲ್ಲಾ ಆನ್‌ಲೈನ್ ರಮ್ಮಿಯಲ್ಲಿ ದುಡ್ಡು ಕಳ್ಕೊಂಡಿರ್ಬೇಕು ಅಂದುಕೊಂಡು ಫೋನ್ ಮಾಡಿದೆ. ಕಟ್ ಮಾಡಿದ. ಮತ್ತೆ ಮಾಡಿದೆ, ಮತ್ತೆ ಕಟ್. ಆಮೇಲೆ ಟೈಪ್ ಮಾಡೋಕೆ ಶುರು ಮಾಡಿದ. ಬಾಯಲ್ಲಿ ಹೇಳೋಕೆ ಆಗದ್ದನ್ನು ಬೆರಳಲ್ಲಿ ಹೇಳಿದ.

"ನಂಗೆ ಕೆಳಗೆ ಎಡಗಡೆ ನರ ಊದ್ಕೊಂಡಿದೆ. ಎರೆಹುಳ ಗಂಟು ಹಾಕ್ಕೊಂಡಂಗೆ ಕೈಗೆ ಸಿಗುತ್ತೆ. ಎರಡು ವರ್ಷ ಆಯ್ತು. ಮುಂದೆ ನಂಗೆ ಮಕ್ಕಳಾಗಲ್ವಾ ಮಾವ?"

ಎರಡು ವರ್ಷ. ಅಂದರೆ SSLC ಪರೀಕ್ಷೆ ಬರೆಯುವಾಗಲೂ, ಪಿಯುಸಿಗೆ ಸೇರುವಾಗಲೂ, ನನ್ನ ಮಗಳ ನಾಮಕರಣದಲ್ಲಿ ಪಂಕ್ತಿಗೆ ಪಾಯಸ ಬಡಿಸುತ್ತಾ ಓಡಾಡುವಾಗಲೂ ಈ ಹುಡುಗ ಇದೇ ಪ್ರಶ್ನೆಯನ್ನು ಹೊತ್ತುಕೊಂಡಿದ್ದ. ಕ್ಯಾನ್ಸರ್ ಇರ್ಬೇಕು ಅಂತ ಮೊದಲು ಅಂದುಕೊಂಡನಂತೆ. ಆಮೇಲೆ ಹಸ್ತಮೈಥುನದ ಪಾಪ ಇರ್ಬೇಕು ಅಂದುಕೊಂಡನಂತೆ. ಕೊನೆಗೆ ಬಸ್‌ಸ್ಟ್ಯಾಂಡ್ ಹಿಂದಿನ ಲಾಡ್ಜ್‌ನಲ್ಲಿ ವಾರಕ್ಕೊಂದು ದಿನ ಕೂರುವ 'ಗುಪ್ತ ರೋಗ ತಜ್ಞ'ನ ಹತ್ತಿರ ಹೋಗಿ, ಫೀಸ್ ಕಟ್ಟೋಕೆ ಅಂತ ಇಸ್ಕೊಂಡಿದ್ದ 6,500 ರೂಪಾಯಿ ಕೊಟ್ಟು ಒಂದು ಡಬ್ಬಿ ಪುಡಿ ತಂದು, ಹಾಸ್ಟೆಲ್ಲಿನಲ್ಲಿ ಯಾರಿಗೂ ಕಾಣದ ಹಾಗೆ ತಿಂದಿದ್ದಾನೆ.

ಹೆಸರು ಗೊತ್ತಾಗಿದ್ದು ಈಗ. ಸೇನೆಗೆ ಸೇರಬೇಕು ಅಂತ ಬೆಳಗ್ಗೆ ಓಡೋ ಪ್ರಾಕ್ಟೀಸ್‌ಗೆ ಹೋಗ್ತಾನೆ. ಅಲ್ಲಿ ಟ್ರೈನಿಂಗ್ ಕೊಡೋ ನಿವೃತ್ತ ಹವಾಲ್ದಾರ್ ಒಬ್ಬರು ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಯಾರಿಗಾದ್ರೂ ಕೆಳಗೆ ನರ ಗಂಟುಗಂಟಾಗಿದ್ರೆ ಈಗಲೇ ಡಾಕ್ಟರ್‌ಗೆ ತೋರಿಸ್ಕೊಳ್ಳಿ. ವೆರಿಕೋಸೀಲ್ ಅಂತಾರೆ. ಮೆಡಿಕಲ್‌ನಲ್ಲಿ ಹೊರಗೆ ಹಾಕ್ತಾರೆ" ಅಂದರಂತೆ. ಅಪ್ಪ, ಅಮ್ಮ, ಮೇಷ್ಟ್ರು, ನಾನು, ಇಷ್ಟು ಜನ ದೊಡ್ಡವರ ನಡುವೆ ಆ ಹುಡುಗನಿಗೆ ಅವನ ಮೈ ಬಗ್ಗೆ ಒಂದು ನೇರ ಮಾತು ಹೇಳಿದ್ದು ಆ ಹವಾಲ್ದಾರ್ ಒಬ್ಬರೇ. ಅದೂ ರೈಫಲ್ ಹಿಡಿಯೋಕೆ ಲಾಯಕ್ಕಾ ಅಂತ ನೋಡೋಕೆ. ಇರಲಿ, ಅಷ್ಟಕ್ಕಾದರೂ ಅವರಿಗೊಂದು ಸಲಾಂ.

ನಮ್ಮೂರು ಕೆ.ಆರ್. ನಗರದ ಕಡೆ. ಜನವರಿಯಲ್ಲಿ ಚುಂಚನಕಟ್ಟೆ ದನಗಳ ಜಾತ್ರೆ ನಡೆಯುತ್ತೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗ್ತಿದ್ದೆ. ಹಳ್ಳಿಕಾರ್ ಹೋರಿ ಕೊಳ್ಳುವ ಮುಂಚೆ ಅಪ್ಪ ಬಾಯಿ ಬಿಡಿಸಿ ಹಲ್ಲು ಎಣಿಸೋರು, ಮೈಮೇಲಿನ ಸುಳಿ ನೋಡೋರು, ನಾಲ್ಕು ಹೆಜ್ಜೆ ನಡೆಸಿ ನೋಡೋರು. ಬೀಜದ ಹೋರಿ ಆದ್ರೆ ಹಿಂದೆ ಬಗ್ಗಿ ಎರಡೂ ಬೀಜ ಸಮ ಇದೆಯಾ ಅಂತ ನೂರು ಜನರ ಮುಂದೆ ಕೈಯಿಟ್ಟು ನೋಡೋರು. ಯಾರಿಗೂ ನಾಚಿಕೆ ಇಲ್ಲ. ಅದೇ ಅಪ್ಪ ನನಗೆ 13 ತುಂಬಿದ ಮೇಲೆ ನಾನು ಬಚ್ಚಲಲ್ಲಿದ್ದರೆ ಆ ಕಡೆ ತಲೆ ಹಾಕ್ತಿರಲಿಲ್ಲ. ಮರ್ಯಾದೆ ಅಂತ. ಹೋರಿ ವಂಶ ಬೆಳೆಸ್ಬೇಕು, ಅದಕ್ಕೆ ಪರೀಕ್ಷೆ. ಮಗನೂ ವಂಶ ಬೆಳೆಸ್ಬೇಕು ಅಂತ ಎಲ್ಲರಿಗೂ ಆಸೆ, ಆದ್ರೆ ಅವನಿಗೆ ಪರೀಕ್ಷೆ ಬೇಡ, ಮಾತೂ ಬೇಡ.

ಶಾಲೆ ಕಥೆ ಕೇಳಿ. ವೀರ್ಯಾಣು ತಯಾರಾಗಲು ದೇಹದ ಉಷ್ಣತೆಗಿಂತ ಕಡಿಮೆ ಉಷ್ಣತೆ ಬೇಕು, ಅದಕ್ಕೇ ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿರುತ್ತವೆ ಅಂತ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಅಕ್ಕನ ಮಗನ ಪುಸ್ತಕದಲ್ಲೂ ಇತ್ತು. ಮೇಷ್ಟ್ರು "ಈ ಪಾಠ ಮನೇಲಿ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋದರಂತೆ. ನಮ್ಮ ಮೇಷ್ಟ್ರೂ ಅದನ್ನೇ ಹೇಳಿದ್ರು. ಇಷ್ಟು ವರ್ಷದಲ್ಲಿ ಸಿಲಬಸ್ ಬದಲಾಯಿತು, ಪುಸ್ತಕದ ರಟ್ಟು ಬದಲಾಯಿತು, ಆ ಒಂದು ವಾಕ್ಯ ಮಾತ್ರ ಬದಲಾಗಲಿಲ್ಲ.

ಅಕ್ಕನಿಗೆ ಹೈಸ್ಕೂಲಲ್ಲಿ ಯಾರೋ ಟೀಚರ್ ಡಾ. ಅನುಪಮಾ ನಿರಂಜನ ಅವರ 'ಕೇಳು ಕಿಶೋರಿ' ಕೊಟ್ಟಿದ್ದರು. ಅದಕ್ಕೆ ಅಕ್ಕ ಬೈಂಡ್ ಹಾಕಿ, ಮೇಲೆ 'ಗಣಿತ' ಅಂತ ಬರೆದು ಇಟ್ಟುಕೊಂಡಿದ್ದಳು. ಮುಚ್ಚಿಟ್ಟೇ ಓದಬೇಕಾಗಿತ್ತು, ನಿಜ. ಆದರೂ ಓದೋಕೆ ಒಂದು ಪುಸ್ತಕ ಅಂತ ಇತ್ತು. ನನ್ನ ಕೈಗೆ ಯಾವ ಪುಸ್ತಕವೂ ಬರಲಿಲ್ಲ. ನನಗೆ ಬಂದ ಸಾಹಿತ್ಯ ಅಂದ್ರೆ ಮೂತ್ರಾಲಯದ ಗೋಡೆ ಮೇಲಿನ ಪೋಸ್ಟರ್.

ಆ ಪೋಸ್ಟರ್ ನೆನಪಿದೆಯಾ? 'ನರ ದೌರ್ಬಲ್ಯ, ಶೀಘ್ರ ಪರಿಹಾರ.' ಇಲ್ಲೊಂದು ತಮಾಷೆ ಇದೆ, ನಗು ಬರಲ್ಲ ಅಷ್ಟೆ. ನಾವು ಆಡುಮಾತಿನಲ್ಲಿ ರಕ್ತನಾಳಕ್ಕೂ ನರ ಅಂತೀವಿ. ಕೈಮೇಲೆ ಉಬ್ಬಿದ್ರೂ ನರ, ಕಾಲಲ್ಲಿ ಗಂಟಾದ್ರೂ ನರ. ಹುಡುಗನಿಗೆ ಕೆಳಗೆ 'ನರ' ಊದಿದ್ದು ಕಾಣುತ್ತೆ. ಗೋಡೆ ಮೇಲೆ 'ನರ ದೌರ್ಬಲ್ಯ' ಅಂತ ಬರೆದಿರುತ್ತೆ. ಎರಡಕ್ಕೂ ಗಂಟು ಹಾಕಿ ನೇರವಾಗಿ ಲಾಡ್ಜ್ ಮೆಟ್ಟಿಲು ಹತ್ತುತ್ತಾನೆ. ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ ಅಂತ ಔಷಧಿಯ ಜಾಹೀರಾತು ಕೊಡುವುದನ್ನು ನಮ್ಮ ದೇಶ ಕಾನೂನು ಮಾಡಿ ನಿಷೇಧಿಸಿದ್ದು 1954ರಲ್ಲಿ. ಆ ಪೋಸ್ಟರ್‌ಗೆ ಅಂಟು ಬಳಿಯುವವನಿಗೆ ಈ ವಿಷಯ ಇನ್ನೂ ಯಾರೂ ಹೇಳಿದ ಹಾಗಿಲ್ಲ. ಈಗ ಗೋಡೆ ಹೋಗಿ ರೀಲ್ಸ್ ಬಂದಿದೆ. ಪುಡಿ, ಎಣ್ಣೆ, '30 ದಿನದಲ್ಲಿ ವೆರಿಕೋಸೀಲ್ ಮಾಯ' ಅನ್ನುವ ಆಸನ, ಸಾವಿರ ರೂಪಾಯಿ ಚಡ್ಡಿ. ಬಿಗಿ ಒಳಉಡುಪು ನೋವಿದ್ದವರಿಗೆ ಸ್ವಲ್ಪ ಆರಾಮ ಕೊಡಬಹುದು, ಅಷ್ಟೆ. ಊದಿದ ರಕ್ತನಾಳವನ್ನು ಯಾವ ಪುಡಿಯೂ ಕುಗ್ಗಿಸಲ್ಲ.

ಹಾಗಾದ್ರೆ ವೆರಿಕೋಸೀಲ್ ಅಂದ್ರೆ ಏನು? ತೋಟದ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಫುಟ್‌ವಾಲ್ವ್ ಗೊತ್ತು. ಅದು ಸರಿ ಇದ್ರೆ ಪೈಪಿನಲ್ಲಿ ಮೇಲಕ್ಕೆ ಹೋದ ನೀರು ವಾಪಸ್ ಇಳಿಯಲ್ಲ. ಅದರ ವಾಷರ್ ಹೋದ್ರೆ ನೀರೆಲ್ಲ ಮತ್ತೆ ಬಾವಿಗೆ. ವೃಷಣದಿಂದ ಮೇಲಕ್ಕೆ ರಕ್ತ ಒಯ್ಯುವ ನಾಳಗಳಲ್ಲೂ ಇಂಥ ವಾಲ್ವ್‌ಗಳಿವೆ. ಅವು ಸರಿಯಾಗಿ ಮುಚ್ಚದಿದ್ದರೆ ರಕ್ತ ಕೆಳಗೆ ಇಳಿದು ನಿಲ್ಲುತ್ತೆ, ನಾಳಗಳು ಹಿಗ್ಗಿ ಗಂಟಾಗುತ್ತವೆ. ಹೆಚ್ಚಾಗಿ ಎಡಗಡೆಯೇ ಯಾಕೆ? ಎಡಗಡೆಯ ನಾಳ ಉದ್ದ, ಜೊತೆಗೆ ಅದು ಎಡ ಕಿಡ್ನಿಯ ನಾಳಕ್ಕೆ ಹೆಚ್ಚುಕಮ್ಮಿ 90 ಡಿಗ್ರಿ ಕೋನದಲ್ಲಿ ಹೋಗಿ ಸೇರುತ್ತೆ. ಬಲಗಡೆಯದು ಹೊಟ್ಟೆಯ ದೊಡ್ಡ ನಾಳಕ್ಕೇ ಓರೆಯಾಗಿ ಸೇರಿಕೊಳ್ಳುತ್ತೆ. ಪ್ಲಂಬಿಂಗ್ ಡಿಸೈನ್‌ನ ಸಮಸ್ಯೆ ಕಣ್ರೀ ಇದು. ಪಾಪಪುಣ್ಯಕ್ಕೂ ಹಸ್ತಮೈಥುನಕ್ಕೂ ಸಂಬಂಧವೇ ಇಲ್ಲ.

10 ವರ್ಷಕ್ಕಿಂತ ಮುಂಚೆ ಇದು ಅಪರೂಪ. ಹುಡುಗ ಬೆಳೆಯುವ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತೆ. ಒಟ್ಟು ಗಂಡಸರಲ್ಲಿ ನೂರಕ್ಕೆ ಸುಮಾರು 15 ಜನಕ್ಕೆ ಇರುತ್ತೆ. ಅಂದ್ರೆ ನಿಮ್ಮ ಆಫೀಸಿನ ಕ್ರಿಕೆಟ್ ಟೀಮಿನ 11 ಜನರಲ್ಲಿ ಒಬ್ಬನಿಗೋ ಇಬ್ಬರಿಗೋ. ಅವರಲ್ಲಿ ಹೆಚ್ಚಿನವರಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಮಕ್ಕಳಾಗುತ್ತವೆ. ಈ ಸಾಲನ್ನು ಹುಡುಗರು ಎರಡು ಸಲ ಓದಿಕೊಳ್ಳಿ.

ಇನ್ನೊಂದು ಸಾಲನ್ನು ದೊಡ್ಡವರು ಓದಿಕೊಳ್ಳಿ. ಮಕ್ಕಳಾಗಲಿಲ್ಲ ಅಂತ ಆಸ್ಪತ್ರೆಗೆ ಬಂದ ಗಂಡಸರನ್ನು ಪರೀಕ್ಷೆ ಮಾಡಿದರೆ ನೂರಕ್ಕೆ 35ರಿಂದ 40 ಜನರಲ್ಲಿ ಇದೇ ವೆರಿಕೋಸೀಲ್ ಸಿಗುತ್ತೆ. ನಿಂತ ಬಿಸಿ ರಕ್ತದಿಂದ ಅಲ್ಲಿನ ತಂಪು ಕೆಡುತ್ತೆ, ಕೆಲವರಲ್ಲಿ ವೃಷಣ ಬೆಳೆಯಬೇಕಾದಷ್ಟು ಬೆಳೆಯಲ್ಲ, ವೀರ್ಯಾಣು ಕಡಿಮೆಯಾಗುತ್ತೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ಆ ಕೆಲವರು ಯಾರು ಅಂತ ತಿಳಿಯೋಕೆ ಇರುವ ದಾರಿ ಒಂದೇ, ನೋಡೋದು. ನಾವು ಮಾಡದೇ ಇರೋದು ಅದೊಂದನ್ನೇ.

ನೀನ್ಯಾರಪ್ಪ ಹೇಳೋಕೆ, BE ಓದಿದವನು, ಡಾಕ್ಟರಾ ಅಂತ ಕೇಳಬಹುದು. ಅಲ್ಲ. ನಾನು ಆ 35-40ರಲ್ಲಿ ಒಬ್ಬ.

ಮದುವೆಯಾಗಿ ಎರಡು ವರ್ಷ ಮಕ್ಕಳಾಗಲಿಲ್ಲ. ಊರಿಗೆ ಹೋದಾಗಲೆಲ್ಲ "ಏನೂ ವಿಶೇಷ ಇಲ್ವಾ?" ಅಂತ ಕೇಳ್ತಿದ್ದದ್ದು ನನ್ನ ಹೆಂಡತಿಯನ್ನ. ಅಮ್ಮ ನಾಗರಕಲ್ಲಿಗೆ ಹಾಲೆರೆಸಿದ್ದು, ಅಶ್ವತ್ಥಕಟ್ಟೆ ಸುತ್ತಿಸಿದ್ದು ಅವಳ ಕೈಯಲ್ಲಿ. ಬೆಂಗಳೂರಿನಲ್ಲಿ ನಾವು ಮೊದಲು ಹೋದ ಕ್ಲಿನಿಕ್ಕಿನವರೂ ರಕ್ತ ತೆಗೆದದ್ದು, ಸ್ಕ್ಯಾನ್ ಮಾಡಿದ್ದು, ಮಾತ್ರೆ ನುಂಗಿಸಿದ್ದು ಅವಳಿಗೇ. ಗರ್ಭನಾಳಕ್ಕೆ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವ ಪರೀಕ್ಷೆಯ ದಿನ ನೋವಿಗೆ ನನ್ನ ಕೈ ಹಿಡಿದುಕೊಂಡು ಆಟೋದಲ್ಲಿ ಅತ್ತಳು. ನಾನು "ಏನಾಗಲ್ಲ, ಎಲ್ಲ ಸರಿಹೋಗುತ್ತೆ" ಅಂತ ಸಮಾಧಾನ ಮಾಡುವ ಒಳ್ಳೆ ಗಂಡನಾಗಿದ್ದೆ. ನನ್ನ ಎಡಗಡೆ ಗಂಟು ಪಿಯುಸಿಯಿಂದ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಎರಡನೇ ಕ್ಲಿನಿಕ್ಕಿನ ಡಾಕ್ಟರಮ್ಮ ಫೈಲ್ ತಿರುವಿ ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಯಜಮಾನ್ರ ರಿಪೋರ್ಟ್ ಎಲ್ಲಿ?" ಇರಲಿಲ್ಲ. ಎರಡು ವರ್ಷದ ಫೈಲಿನಲ್ಲಿ ನನ್ನದು ಒಂದು ಹಾಳೆಯೂ ಇರಲಿಲ್ಲ. ವೀರ್ಯ ಪರೀಕ್ಷೆ ಮಾಡಿಸಿದ್ರೆ ಒಂದು ಎಂ.ಎಲ್‌ಗೆ 50 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2021ರ ಕೈಪಿಡಿಯಲ್ಲಿ ಹೇಳಿರುವ ಕೆಳಮಿತಿ 1.6 ಕೋಟಿ. ಯೂರಾಲಜಿಸ್ಟ್ ನಿಲ್ಲಿಸಿ ಎರಡು ನಿಮಿಷ ನೋಡಿದವರೇ, "ಇದು ಗ್ರೇಡ್ ಮೂರು, ಕಣ್ಣಿಗೇ ಕಾಣುತ್ತೆ. ಯಾವಾಗಿಂದ ಇದೆ?" ಅಂದರು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. 15 ವರ್ಷದಿಂದ ಅಂತ ಹೇಳಬೇಕಾಯಿತು.

ಅವಳು ಜಗಳ ಆಡಲಿಲ್ಲ. ಆಡಿದ್ರೆ ಚೆನ್ನಾಗಿತ್ತು.

ಆಪರೇಷನ್ ಆಯ್ತು. ವೀರ್ಯಾಣು ತಯಾರಾಗಿ ಹೊರಬರಲು ಎರಡೂವರೆ ತಿಂಗಳಾದರೂ ಬೇಕು, ಹಾಗಾಗಿ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ಸಂಖ್ಯೆ ಏರಿತ್ತು. ಆಮೇಲೆ ಮಗಳು ಹುಟ್ಟಿದಳು. ಆಪರೇಷನ್ನಿಂದಲೇ ಹುಟ್ಟಿದಳು ಅಂತ ನಾನು ಸಾಧಿಸಲ್ಲ, ನನ್ನ ಡಾಕ್ಟರೂ ಹಾಗೆ ಹೇಳಲಿಲ್ಲ. ನಾನು ಹೇಳ್ತಿರೋದು ಆ ಎರಡು ವರ್ಷದ ಬಗ್ಗೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತೆ. ಆದರೂ ಪರೀಕ್ಷೆ ಶುರುವಾಗೋದು ಹೆಂಗಸಿನಿಂದ, ದೂರು ಕೊನೆಯಾಗೋದೂ ಹೆಂಗಸಿನ ಮೇಲೆ. 'ಹುಡುಗರ ಮರ್ಯಾದೆ' ಅಂತ 15ನೇ ವಯಸ್ಸಿನಲ್ಲಿ ನಾವು ಮುಚ್ಚಿಟ್ಟದ್ದರ ಬಿಲ್ಲು 30ನೇ ವಯಸ್ಸಿನಲ್ಲಿ ಬೇರೆ ಮನೆಯಿಂದ ಬಂದ ಹುಡುಗಿಯ ಹೆಸರಿಗೆ ಬರುತ್ತೆ. 'ಹೆಣ್ಣುಮಕ್ಕಳಿಗೇ ಇಷ್ಟೊಂದು ಸಮಸ್ಯೆ ಇರುವಾಗ ಗಂಡುಮಕ್ಕಳದ್ದೇನು ದೊಡ್ಡದು' ಅನ್ನೋರಿಗೆ ನನ್ನ ಉತ್ತರ ಇದೇ.

ಇನ್ನೊಂದು ಆಕ್ಷೇಪಣೆ ಬರುತ್ತೆ, ಅದರಲ್ಲಿ ತೂಕ ಇದೆ. 'ನೂರಕ್ಕೆ 15 ಜನಕ್ಕಿರೋದನ್ನ ಎಲ್ಲ ಹುಡುಗರಲ್ಲೂ ಹುಡುಕೋಕೆ ಹೊರಟ್ರೆ ಸುಮ್ಮನಿದ್ದ ಹುಡುಗರನ್ನೆಲ್ಲ ರೋಗಿಗಳನ್ನಾಗಿ ಮಾಡ್ತೀರಾ. ನಾಳೆ ಆಸ್ಪತ್ರೆಗಳು ಸಿಕ್ಕಸಿಕ್ಕವರಿಗೆಲ್ಲ ಕತ್ತರಿ ಹಾಕ್ತವೆ.' ಒಪ್ಪಿದೆ. ಆ ಭಯ ನನಗೂ ಇದೆ. ಲಾಡ್ಜ್ ಡಾಕ್ಟರ್ ಮಾರುವ ಭಯವನ್ನೇ ಎಸಿ ರೂಮಿನಲ್ಲಿ ಕೂತು ಇಂಗ್ಲಿಷಿನಲ್ಲಿ ಮಾರೋರೂ ಇದ್ದಾರೆ. "ಈಗಲೇ ಮಾಡಿಸದಿದ್ರೆ ಮುಂದೆ ಮಕ್ಕಳಾಗಲ್ಲ" ಅಂತ 16ರ ಹುಡುಗನ ಅಪ್ಪನಿಗೆ ಅಂದ್ರೆ ಯಾವ ಅಪ್ಪ ತಾನೇ ಸಹಿ ಹಾಕಲ್ಲ? ಆಪರೇಷನ್ ಅಂದ್ರೆ ಬರೀ ಲಾಭ ಅಲ್ಲ. ಚೀಲದಲ್ಲಿ ನೀರು ತುಂಬಿಕೊಳ್ಳಬಹುದು, ಗಂಟು ಮತ್ತೆ ಬರಬಹುದು, ಅಪರೂಪಕ್ಕೆ ವೃಷಣಕ್ಕೆ ರಕ್ತ ತರುವ ನಾಳಕ್ಕೇ ಪೆಟ್ಟಾಗಬಹುದು.

ಆದ್ರೆ ಇದಕ್ಕೆ ಮದ್ದು ಮೌನ ಅಲ್ಲ. ವಿಷಯ ತಿಳಿದವನನ್ನು ಹೆದರಿಸೋದು ಕಷ್ಟ. ಹದಿಹರೆಯದಲ್ಲಿ ಯಾವಾಗ ಆಪರೇಷನ್ ಯೋಚಿಸ್ತಾರೆ ಅನ್ನೋದಕ್ಕೆ ಲೆಕ್ಕ ಇದೆ. ಗಂಟಿರುವ ಕಡೆಯ ವೃಷಣ ಇನ್ನೊಂದಕ್ಕಿಂತ 20 ಪರ್ಸೆಂಟ್‌ಗಿಂತ ಹೆಚ್ಚು ಚಿಕ್ಕದಾಗಿದ್ದು, ಮತ್ತೆ ಅಳೆದಾಗಲೂ ಹಾಗೇ ಉಳಿದಿದ್ದರೆ. ಬಿಡದೆ ಕಾಡುವ ನೋವಿದ್ದರೆ. ಎರಡೂ ಕಡೆ ಇದ್ದರೆ. ಬೆಳವಣಿಗೆ ಮುಗಿದ ಹುಡುಗನ ವೀರ್ಯ ಪರೀಕ್ಷೆ ಸರಿ ಬರದಿದ್ದರೆ. ಇವು ಯಾವುದೂ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಅಳೆಯುತ್ತಾ ಕಾಯುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಒಂದು ಕಡೆ ಹಿಂದೆ ಬಿದ್ದು, ಆಮೇಲೆ ತಾನಾಗೇ ಸರಿಸಮ ಆಗುವುದೂ ಉಂಟು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಮಾನಿಟರಿಂಗ್. ಸರ್ವರ್‌ನಲ್ಲಿ ಒಂದು ವಾರ್ನಿಂಗ್ ಬಂದ ತಕ್ಷಣ ಯಾರೂ ಸರ್ವರ್ ಬಿಚ್ಚಲ್ಲ. ಹಾಗಂತ ಡ್ಯಾಶ್‌ಬೋರ್ಡ್ ಮೇಲೆ ಟವೆಲ್ ಹೊದಿಸಿ ಮನೆಗೂ ಹೋಗಲ್ಲ.

ಹಾಗಾಗಿ ನಾನು ಕೇಳ್ತಿರೋದು ದೊಡ್ಡದೇನಲ್ಲ. ಎಲ್ಲ ಹುಡುಗರಿಗೂ ಸ್ಕ್ಯಾನ್ ಮಾಡಿ ಅಂತ ಹೇಳ್ತಿಲ್ಲ. 12ರಿಂದ 16ರ ನಡುವೆ ಒಂದು ಸಲ, ಹುಡುಗ ಒಪ್ಪಿದರೆ, ಅವನು ಬಯಸಿದವರು ಜೊತೆಗಿದ್ದು, ಡಾಕ್ಟರ್ ಒಬ್ಬರು ನಿಲ್ಲಿಸಿ ಕೈಯಿಂದ ನೋಡಲಿ. ಎರಡರ ಗಾತ್ರ ಬರೆದಿಡಲಿ. ಅವನಿಗೇ ಅವನ ಭಾಷೆಯಲ್ಲಿ ವಿವರಿಸಲಿ. ಕೇಂದ್ರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, 18 ವರ್ಷದವರೆಗಿನ ಮಕ್ಕಳಲ್ಲಿ ಹಲವು ತೊಂದರೆಗಳನ್ನು ಹುಡುಕುತ್ತೆ. ಹಲ್ಲು, ಕಣ್ಣು, ಕಿವಿ ಎಲ್ಲ ಆ ಪಟ್ಟಿಯಲ್ಲಿವೆ, ಇದು ಇಲ್ಲ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಅದು ಹುಡುಗರಿಗೂ ಇದೆ ಅಂತ ಹುಡುಗರಿಗೆ ಹೇಳೋರು ಬೇಕು.

ಕಾಯದೇ ಇರಬೇಕಾದ ಸಂದರ್ಭಗಳನ್ನೂ ಹೇಳಿಕೊಡಿ. ಇದ್ದಕ್ಕಿದ್ದಂತೆ ವಿಪರೀತ ನೋವು ಬಂದು ವಾಂತಿಯಾದರೆ ಅದು ವೆರಿಕೋಸೀಲ್ ಅಲ್ಲದೆ ವೃಷಣ ತಿರುಚಿಕೊಂಡದ್ದಿರಬಹುದು. ಆಗ ಗಂಟೆಗಳ ಲೆಕ್ಕ, ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಹೆಚ್ಚು. 'ಬೆಳಗ್ಗೆ ನೋಡೋಣ' ಅಂತ ನಾಚಿಕೆಯಿಂದ ಮಲಗಿದ ಹುಡುಗ ಬೆಳಗ್ಗೆ ಒಂದನ್ನು ಕಳೆದುಕೊಂಡಿರುತ್ತಾನೆ. ಗಂಟು ಬಲಗಡೆ ಮಾತ್ರ ಇದ್ದರೆ, ದಿಢೀರನೆ ಬಂದಿದ್ದರೆ, ಮಲಗಿದಾಗಲೂ ಕುಗ್ಗದಿದ್ದರೆ ಹೊಟ್ಟೆಯ ಸ್ಕ್ಯಾನ್ ಕೂಡ ಮಾಡಿಸಬೇಕು. ಗಟ್ಟಿ ಗಡ್ಡೆ ಕೈಗೆ ಸಿಕ್ಕರೆ ತಡಮಾಡದೆ ತೋರಿಸಬೇಕು.

ಇನ್ನು ನಾವು, ಐಟಿ ಮಂದಿ. ವರ್ಷಕ್ಕೊಮ್ಮೆ ಕಂಪನಿ ಖರ್ಚಲ್ಲಿ ಹೆಲ್ತ್ ಚೆಕಪ್. ವಿಟಮಿನ್ ಡಿ, ಬಿ12, ಕೊಲೆಸ್ಟ್ರಾಲ್, ಟ್ರೆಡ್‌ಮಿಲ್. 40 ಪುಟದ ಪಿಡಿಎಫ್ ಬರುತ್ತೆ. ಅಷ್ಟರಲ್ಲಿ ಪ್ಯಾಂಟ್ ಬಿಚ್ಚಿ ಅಂತ ಒಬ್ಬ ಡಾಕ್ಟರೂ ಹೇಳಲ್ಲ, ನಾವೂ ಕೇಳಲ್ಲ. ಊರಲ್ಲಿ ಅಪ್ಪ ಹೇಳಲಿಲ್ಲ ಅಂತ ದೂರುತ್ತೀವಲ್ಲ, ಸರಿ, ಅಪ್ಪನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಅಕ್ಕನ ಮಗ, ಚಿಕ್ಕಪ್ಪನ ಮಗ, ಅಣ್ಣನ ಮಗ, ಊರಿಗೆ ಹೋದಾಗಲೆಲ್ಲ ನಮ್ಮ ಹೊಸ ಫೋನ್ ನೋಡೋಕೆ ಸುತ್ತ ಕೂರ್ತಾರೆ. ಯಾವ ಕೋರ್ಸ್ ಮಾಡ್ಬೇಕು, ಪ್ಯಾಕೇಜ್ ಎಷ್ಟು ಸಿಗುತ್ತೆ ಅಂತ ಅವರಿಗೆ ಗಂಟೆಗಟ್ಟಲೆ ಉಪದೇಶ ಮಾಡ್ತೀವಿ. ಅದರಲ್ಲಿ ಐದು ನಿಮಿಷ ಇದಕ್ಕೆ ಕೊಡೋಕೆ ಆಗಲ್ವಾ? 'ಮರ್ಯಾದೆ'ಯ ಹಳೇ ಬೈಂಡನ್ನು ನಾವೇ ಹೊಸದಾಗಿ ಹಾಕ್ತಿದ್ದೀವಿ.

ಹೋದ ಶನಿವಾರ ಅವನನ್ನು ಕರ್ಕೊಂಡು ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಯೂರಾಲಜಿ ಓಪಿಡಿಗೆ ಹೋದೆ. ನಾನು ಹೊರಗೆ ನಿಂತೆ. ಅವನೇ, "ಮಾವ, ನೀವೂ ಬನ್ನಿ" ಅಂದ. ಗ್ರೇಡ್ ಎರಡು. ಎರಡರ ಗಾತ್ರದಲ್ಲಿ ಅಂಥ ವ್ಯತ್ಯಾಸ ಇಲ್ಲ. ಡಾಕ್ಟರ್ ನನ್ನ ಕಡೆ ನೋಡದೆ ಅವನಿಗೇ ಹೇಳಿದರು: "ನೋಡಪ್ಪ, ಮಕ್ಕಳಾಗೋದಕ್ಕೆ ಅಂತ ಈಗ ಏನೂ ಮಾಡೋದು ಬೇಡ. ವರ್ಷ ಬಿಟ್ಟು ಬಾ, ಅಳೆಯೋಣ. ಸೇನೆಯ ರೂಲ್ಸ್ ಬೇರೆ. ಅದಕ್ಕೋಸ್ಕರ ಮಾಡಿಸ್ಕೊಳ್ಳಬೇಕು ಅಂದ್ರೆ ಅದು ಕೆಲಸಕ್ಕಾಗಿ ಮಾಡೋ ಆಪರೇಷನ್, ಅಪ್ಪ ಅಮ್ಮನ ಜೊತೆ ಕೂತು ಯೋಚನೆ ಮಾಡು. ಎರಡನ್ನೂ ಒಂದೇ ಅಂದ್ಕೋಬೇಡ." ಎರಡು ವರ್ಷದ ಭಯ ಇಳಿಯೋಕೆ ಹತ್ತು ನಿಮಿಷ ಸಾಕಾಯಿತು. ಚೀಟಿ ಮಾಡಿಸಿದ ಖರ್ಚು ಬಸ್ ಚಾರ್ಜಿಗಿಂತ ಕಡಿಮೆ.

ಹೊರಗೆ ಬಂದು ಕಾಫಿ ಕುಡಿಯುವಾಗ ಅಕ್ಕನಿಗೆ ಅವನೇ ಫೋನ್ ಮಾಡಿ ಹೇಳಿದ. ಅವಳು ಬೈಯಲಿಲ್ಲ. "ಅಯ್ಯೋ ಮಗನೇ, ಎರಡು ವರ್ಷ ಒಬ್ಬನೇ ಇಟ್ಕೊಂಡಿದ್ಯಲ್ಲೋ" ಅಂದಳಷ್ಟೆ.

ರಾತ್ರಿ ಮತ್ತೆ ಮೆಸೇಜ್ ಬಂತು. "ಮಾವ, ರೂಮಲ್ಲಿ ಹುಡುಗರಿಗೆಲ್ಲ ಹೇಳ್ದೆ. ಇನ್ನೊಬ್ಬನಿಗೂ ಇದೆಯಂತೆ. ಅವನೂ ಅದೇ ಲಾಡ್ಜ್‌ಗೆ ಹೋಗಿದ್ನಂತೆ. ಮುಂದಿನ ಶನಿವಾರ ಅವನನ್ನ ನಾನೇ ಕರ್ಕೊಂಡು ಹೋಗ್ಲಾ?"

ಹೋಗು ಅಂದೆ.